ಹೊಲದ ಮನೆಯ ಸುಳ್ಳುಗಾರನನ್ನು ಕಟ್ಟಿದ ಬಗೆ

ನನ್ನ ಕಾದಂಬರಿ ನಡೆಯುವುದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹೊಲದ ಮನೆಯಲ್ಲಿ, ಸೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆವರೆಗಿನ ಎರಡೂವರೆ ತಿಂಗಳು. ಕಥೆ ಹೇಳುವವನು ಅಲ್ಲಿ ಒಬ್ಬನೇ ಇರುವ ಅರವತ್ತರ ರೈತ. ಓದುಗರಿಗೆ ಸುಳ್ಳು ಹೇಳುವವನೂ ಅವನೇ. ಅವನನ್ನು ಒಂಟಿ ಮಾಡಲು ಫೋನ್ ಕೆಡಿಸಲಿಲ್ಲ. ಆ ಉಪಾಯ ಸವೆದುಹೋಗಿದೆ. ಚಿತ್ತಿ ಮಳೆ ಹಿಡಿದರೆ ಎರಿ, ಅಂದರೆ ಕಪ್ಪು ಮಣ್ಣಿನ, ದಾರಿಯಲ್ಲಿ ಟ್ರ್ಯಾಕ್ಟರೂ ಹೂತುಕೊಳ್ಳುತ್ತದೆ. ಅಷ್ಟು ಸಾಕು.

ಬರೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ: ನಡೆದದ್ದು, ಅವನು ಹೇಳಿದ್ದು, ಓದುಗರಿಗೆ ಕಂಡದ್ದು. ಮೊದಲನೆಯದು ಪೂರ್ತಿ ತುಂಬುವ ತನಕ ಎರಡನೆಯದನ್ನು ಮುಟ್ಟಲಿಲ್ಲ. ನಿಜ ಏನೆಂದು ಬರೆಯುವವರಿಗೇ ಖಚಿತವಿಲ್ಲದಿದ್ದರೆ ಸುಳ್ಳು ನಡುವೆ ರೂಪ ಬದಲಿಸುತ್ತದೆ. ಓದುಗರು ಅದನ್ನು ಲೇಖಕರ ಎಡವಟ್ಟು ಎಂದುಕೊಳ್ಳುತ್ತಾರೆ.

ಸುಳ್ಳನ್ನು ಬಯಲು ಮಾಡಬೇಕಾದದ್ದು ವಸ್ತು, ಇನ್ನೊಬ್ಬರ ಮಾತಲ್ಲ. "ತಮ್ಮ ಆ ರಾತ್ರಿ ಮಳ್ಯಾಗ ಬೈಕ್ ಹತ್ತಿ ಗದಗಕ್ಕ ಹೋದ" ಎನ್ನುತ್ತಾನೆ. ಹಸಿ ಎರಿಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯೇ ನಿಲ್ಲುತ್ತದೆ ಎಂದು ನಮ್ಮ ಕಡೆ ಮಂದಿಗೆ ಗೊತ್ತು. ಗೊತ್ತಿಲ್ಲದವರಿಗಾಗಿ 3ನೇ ಅಧ್ಯಾಯದಲ್ಲಿ ಹಾಲಿನವನು ಕೂತು ಕಡ್ಡಿಯಿಂದ ಗಾಲಿಯ ಮಣ್ಣು ಕೆದರುವ ನಗೆಯ ಪ್ರಸಂಗ ಇಟ್ಟೆ. ಸುಳ್ಳು ಬರುವುದು 7ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆರಳು ಮಾಡಿ ತೋರಿಸಿದಂತಾಗುತ್ತದೆ.

ಹಗೇವಿನ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಯ, ಸುಳ್ಳು ಇನ್ನೂ ಸೂಕ್ಷ್ಮ. ಮುಚ್ಚಿದ ಹಗೇವಿನೊಳಗೆ ಜೋಳ ಉಸಿರಾಡಿ ಆಮ್ಲಜನಕ ತೀರಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದು ಸತ್ತವರುಂಟು. ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ಇವನೋ "ಬಾಯಿ ತಗದೆ, ಇಳದೆ" ಎಂದು ಮುಗಿಸುತ್ತಾನೆ. ಅಂದರೆ ಹಗೇವು ಮೊದಲೇ ತೆರೆದಿತ್ತು. ಇದನ್ನು ಯಾವ ಪಾತ್ರವೂ ಬಿಡಿಸಿ ಹೇಳುವುದಿಲ್ಲ.

ಮಾತಿನ ಧಾಟಿಗೂ ಒಂದು ನಿಯಮ. ನಿಜ ಹೇಳುವಾಗ "ಹೊತ್ತು ಮುಳುಗೂಮುಂದ" ಅನ್ನುತ್ತಾನೆ. ಸುಳ್ಳು ಹೇಳುವಾಗ "ಆರು ಇಪ್ಪತ್ತಕ್ಕ". ಎಲ್ಲೂ ತಪ್ಪಬಾರದು, ಆದ್ದರಿಂದ ಕರಡು ಮುಗಿದ ಮೇಲೆ ವೇಳೆ ಹೇಳುವ ಸಾಲುಗಳನ್ನಷ್ಟೇ ಹುಡುಕಿ ತಾಳೆ ನೋಡಿದೆ.

ಸುಮಾರು 1,500 ಪದಗಳ ಒಂದು ಅಧ್ಯಾಯಕ್ಕೆ ಸುಳ್ಳನ್ನು ತೋರುವ ಕುಂದು ಒಂದೇ. ಉಳಿದದ್ದೆಲ್ಲ ದನ, ಒಲೆ, ಜೋಳಕ್ಕೆ ಬರುವ ಹಕ್ಕಿ. ಬಿಗಿ ಸಾಲದೆನಿಸಿದಲ್ಲಿ ರಾತ್ರಿ ಬಾಗಿಲ ಸದ್ದು ತುರುಕುವ ಆಸೆ ಬರುತ್ತದೆ. ತುರುಕಿದರೆ ಓದುಗರು ಹೊರಗಿನ ಕಳ್ಳನನ್ನು ಹುಡುಕುತ್ತ ಹೋಗುತ್ತಾರೆ, ಇವನ ಮೇಲಿನ ಕಣ್ಣು ತಪ್ಪುತ್ತದೆ.

ಕರಡನ್ನು ರೋಣದ ಕಡೆಯ ಒಬ್ಬರಿಗೆ, ಎರಿ ಕಾಣದ ಮಲೆನಾಡಿನ ಶಿರಸಿ ಕಡೆಯ ಒಬ್ಬರಿಗೆ ಕೊಟ್ಟು, ಅನುಮಾನ ಬಂದ ಪುಟಕ್ಕೆ ಗುರುತು ಹಾಕಲು ಹೇಳಬೇಕು. ಎರಿ ಕಂಡವರು ಮೊದಲು ಹಿಡಿಯುವುದು ಸರಿಯೇ. ಶಿರಸಿಯವರು ಅರ್ಧ ದಾಟಿದರೂ ಹಿಡಿಯದಿದ್ದರೆ ಹಾಲಿನವನ ಪ್ರಸಂಗವನ್ನು ಇನ್ನಷ್ಟು ಬೆಳೆಸಬೇಕು.