ಸ್ಕಾಲರ್‌ಶಿಪ್ ಟ್ರಸ್ಟಿಗೆ ಕೆಲಸ ಮಾಡಬೇಕು ಅನ್ನುವ ವಿಜ್ಞಾನಿಗಳಿಗೆ

ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಇಸ್ರೋದಿಂದಲೋ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಿಂದಲೋ ರಿಟೈರ್ ಆದವರು ಆಗಾಗ ಕೇಳುತ್ತಾರೆ, ಬಿಎಸ್ಸಿ ಓದುವ ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ಟ್ರಸ್ಟಿಗೆ ದುಡ್ಡು ಬಿಟ್ಟು ಬೇರೆ ಏನು ಕೊಡಬಹುದು ಅಂತ. ಕೊಡಬಹುದು. ಆದರೆ ಐದು ವರ್ಷವಾದರೂ ಇರುತ್ತೇನೆ ಅನ್ನುವವರು ಮಾತ್ರ ಬನ್ನಿ. ಬಿಎಸ್ಸಿಗೆ ಮೂರು ವರ್ಷ, ಎಂಎಸ್ಸಿಗೆ ಎರಡು, ಒಂದು ಮಗುವಿನ ಓದು ಮುಗಿಯುವುದಕ್ಕೇ ಅಷ್ಟು ಬೇಕು. ಒಂದು ಸಲ ಬಂದು ಫೋಟೋಗೆ ನಿಂತು ಹೋಗುವವರಿಗೆ ಎಲ್ಲೂ ಬರಗಾಲ ಇಲ್ಲ.

ಸೇರುವ ಮುಂಚೆ ಆಡಿಟ್ ವರದಿ ಕೇಳಿ ನೋಡಿ. 80ಜಿ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ, ಅದು ದಾನ ಕೊಡುವವರ ತೆರಿಗೆಯ ವಿಷಯ. ನೀವು ಕೇಳಬೇಕಾದದ್ದು, ದುಡ್ಡು ಮಕ್ಕಳ ಕೈಗೆ ಯಾವ ತಿಂಗಳು ಸೇರುತ್ತದೆ ಅಂತ. ಫೀಸು, ಹಾಸ್ಟೆಲ್ ಖರ್ಚು ಎಲ್ಲ ಬರುವುದು ಅಡ್ಮಿಷನ್ ಹೊತ್ತಿಗೆ. ಸಮಾರಂಭಕ್ಕೆ ದೊಡ್ಡವರ ಡೇಟ್ ಸಿಗಲಿ ಅಂತ ಕಾದು ಡಿಸೆಂಬರ್‌ನಲ್ಲಿ ಚೆಕ್ ಕೊಟ್ಟರೆ, ಅಷ್ಟೊತ್ತಿಗೆ ಅವರಪ್ಪ ಬಡ್ಡಿಗೆ ಸಾಲ ತಂದು ಕಟ್ಟಿಯಾಗಿರುತ್ತದೆ. ನಿಮ್ಮ ಸ್ಕಾಲರ್‌ಶಿಪ್ ಹೋಗುವುದು ಬಡ್ಡಿಯವನಿಗೆ. ಚೆಕ್ ಕೊಡುವ ತಿಂಗಳನ್ನು ಬದಲಾಯಿಸುವುದೇ ನಿಮ್ಮ ಮೊದಲ ಜಗಳವಾಗಲಿ.

ಟ್ರಸ್ಟಿ ಆಗುತ್ತೀರಾ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಅರ್ಜಿ ಓದುವ ಕೆಲಸ ಕೇಳಿ. ಯಾರಿಗೂ ಬೇಡವಾದ ಕೆಲಸ ಅದು, ವಿಜ್ಞಾನಿಯ ಅಭ್ಯಾಸ ನಿಜವಾಗಿ ಉಪಯೋಗಕ್ಕೆ ಬರುವುದೂ ಅಲ್ಲೇ. ಒಂದೊಂದು ಅರ್ಜಿಯನ್ನೂ ಇಬ್ಬರು ಬೇರೆ ಬೇರೆ ಕೂತು ಓದಿ, ಹೆಸರು ಮುಚ್ಚಿ, ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಬರೆದುಕೊಳ್ಳಿ. ಆಮೇಲೆ ಹೋಲಿಸಿ. ಇಬ್ಬರ ಅಂಕ ದೂರ ದೂರ ಇದ್ದ ಅರ್ಜಿಗಳನ್ನು ಮಾತ್ರ ಚರ್ಚೆಗೆ ತನ್ನಿ. ನೆಂಟರ ಮಗುವೋ ನಿಮ್ಮ ವಿದ್ಯಾರ್ಥಿಯೋ ಬಂದರೆ ಎದ್ದು ಹೊರಗೆ ಹೋಗಿ. ಪಿಯುಸಿ ಅಂಕ ನೋಡಿ ಸಾಲಾಗಿ ಜೋಡಿಸುವುದಕ್ಕೆ ಎಕ್ಸೆಲ್ ಸಾಕು, ನೀವು ಬೇಕಿಲ್ಲ. ವರ್ಷವಿಡೀ ಫಿಸಿಕ್ಸ್ ಲೆಕ್ಚರರ್ ಇಲ್ಲದ ಕಾಲೇಜಿನ 78, ಟ್ಯೂಷನ್ ಹಾಕಿಸಿಕೊಂಡ 92, ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಸೈಬರ್ ಸೆಂಟರ್‌ನಲ್ಲಿ ಬರೆಸಿದ 'ನನ್ನ ಗುರಿ' ಪ್ರಬಂಧಕ್ಕೆ ಸೊನ್ನೆ ಕೊಡಬೇಡಿ, ಸುಮ್ನೆ ಪಕ್ಕಕ್ಕಿಡಿ. ಎಲ್ಲರದ್ದೂ ಅಬ್ದುಲ್ ಕಲಾಂ ಹೆಸರಿಂದಲೇ ಶುರುವಾಗುತ್ತದೆ.

ಸಂದರ್ಶನ ಕನ್ನಡದಲ್ಲೇ ಮಾಡಿ. ವಿಜ್ಞಾನ ಓದುವ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಕೆವಿಪಿವೈ ಸ್ಕಾಲರ್‌ಶಿಪ್ 1999ರಲ್ಲಿ ಶುರುವಾಗಿ 2022ರಲ್ಲಿ ಇನ್ಸ್‌ಪೈರ್ ಅನ್ನುವ ಇನ್ನೊಂದು ಯೋಜನೆ ಜೊತೆ ಸೇರಿಹೋಯಿತು, ಅದರ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ನಡೆಸುತ್ತಿದ್ದದ್ದು ಬೆಂಗಳೂರಿನ ಐಐಎಸ್ಸಿ! ಜೊತೆಗೆ ಬಂದ ಅಪ್ಪ ಅಮ್ಮನಿಗೆ ಹೊರಗೆ ಕಾಫಿ ಕೊಟ್ಟು ಕೂರಿಸಿ, ಇಲ್ಲದಿದ್ದರೆ ಉತ್ತರ ಅವರೇ ಹೇಳುತ್ತಾರೆ. 'ಟೈಟ್ರೇಷನ್ ಕೊನೆಯಲ್ಲಿ ಹನಿ ಹನಿಯಾಗಿ ಯಾಕಮ್ಮ ಬಿಡ್ತೀಯ?' ಅಂತ ಕೇಳಿ. ಹನಿ ಬಿಡುವ ಗಾಜಿನ ನಳಿಕೆ, ಬ್ಯೂರೆಟ್, ಹಿಡಿದವಳು ಬೆರಳಲ್ಲೇ ತಿರುಗಿಸಿ ತೋರಿಸುತ್ತಾಳೆ. ಹಿಡಿಯದವಳು ಪುಸ್ತಕದ ಸಾಲು ಒಪ್ಪಿಸುತ್ತಾಳೆ, ಅದು ಅವಳ ತಪ್ಪಲ್ಲ. ಆಗ ಪ್ರಶ್ನೆಯನ್ನು ಅವಳ ಮನೆ ಕಡೆಗೆ ತಿರುಗಿಸಿ. ಹೊಲದಲ್ಲಿ ಬೋರ್‌ವೆಲ್ ಇದೆಯಾ, ಮೂರು ಫೇಸ್ ಕರೆಂಟ್ ಇಲ್ಲದಾಗ ಪಂಪು ಓಡಿಸುವುದಕ್ಕೆ ಕಂಡೆನ್ಸರ್ ಹಾಕುತ್ತಾರಲ್ಲ, ಅದು ಏನು ಮಾಡುತ್ತದೆ? ಕೆಲವರು ಪೇಪರ್ ಎಳೆದುಕೊಂಡು ಸರ್ಕ್ಯೂಟ್ ಬರೆಯುವುದಕ್ಕೆ ಶುರು ಮಾಡುತ್ತಾರೆ. ಉತ್ತರ ಅರ್ಧ ತಪ್ಪಿದ್ದರೂ ಪರವಾಗಿಲ್ಲ, ಆ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ.

ಆಯ್ಕೆಯಾದ ಮೇಲೆ ದುಡ್ಡು ನೇರ ವಿದ್ಯಾರ್ಥಿಯ ಖಾತೆಗೆ ಹೋಗಲಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಸ್ಪೆಲಿಂಗು, ಆಧಾರ್‌ನಲ್ಲಿ ಇನ್ನೊಂದು, ಹಳೇ ಖಾತೆ ವರ್ಷಗಟ್ಟಲೆ ಮುಟ್ಟದೆ ನಿಂತುಹೋಗಿರುತ್ತದೆ. ಇದನ್ನೆಲ್ಲ ಮೇ ತಿಂಗಳಲ್ಲೇ ಫೋನ್ ಮಾಡಿ ಸರಿ ಮಾಡಿಸಿ. ಅರ್ಜಿಯಲ್ಲಿರುವ ನಂಬರ್ ಬಹಳ ಸಲ ಪಕ್ಕದ ಮನೆಯವರದ್ದು, ಇನ್ನೊಂದು ನಂಬರ್ ಕೇಳಿಟ್ಟುಕೊಳ್ಳಿ.

ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ವಾರ ಮತ್ತೆ ಫೋನ್ ಮಾಡಿ. ಕನ್ನಡ ಮೀಡಿಯಂನಿಂದ ಬಂದವರು ಎಡವುವುದು ಜಾಸ್ತಿ ಅಲ್ಲೇ. ಒಂದು ಪೇಪರ್ ಹೋಯಿತು ಅಂತ ಸ್ಕಾಲರ್‌ಶಿಪ್ ನಿಲ್ಲಿಸುವ ನಿಯಮ ನಿಮ್ಮ ಟ್ರಸ್ಟಿನಲ್ಲಿದ್ದರೆ ತೆಗೆಸಿ. ಎರಡನೇ ವರ್ಷಕ್ಕೆ ಬಂದಾಗ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿಸಿ, ಮೂರನೇ ವರ್ಷ ಎಂಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆ. ಇಂಥವು ಇವೆ ಅಂತ ಆ ಮಕ್ಕಳಿಗೆ ಹೇಳುವವರೇ ಇರುವುದಿಲ್ಲ.

ಇಷ್ಟೆಲ್ಲ ವರ್ಷಾನುಗಟ್ಟಲೆ ಯಾರು ಮಾಡುತ್ತಾರೆ ಅನ್ನಿಸಿದರೆ, ಎಚ್. ನರಸಿಂಹಯ್ಯನವರು ಇದ್ದರಲ್ಲ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ವಾಪಸ್ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮು ಬಿಡಲಿಲ್ಲ. ಅಷ್ಟು ನಮ್ಮಿಂದ ಆಗದು ಬಿಡಿ, ಬೇಸಿಗೆಯಲ್ಲಿ ನಾಲ್ಕು ವಾರಾಂತ್ಯ, ಆಮೇಲೆ ತಿಂಗಳಿಗೊಂದು ಸಂಜೆ ಫೋನಿಗೆ ಅಂತ ಇಟ್ಟುಕೊಂಡರೆ ನಡೆಯುತ್ತದೆ.

ಇನ್ನೊಂದು. ಜಾಸ್ತಿ ವರ್ಷ ಇದ್ದವರ ಮಾತೇ ಕೊನೆಗೆ ನಿಯಮವಾಗಿಬಿಡುತ್ತದೆ, ಅದು ಒಳ್ಳೆಯದಲ್ಲ. ಯಾರನ್ನು ಯಾಕೆ ಆರಿಸಿದಿರಿ, ಯಾರನ್ನು ಯಾಕೆ ಬಿಟ್ಟಿರಿ ಅಂತ ಪ್ರತಿ ವರ್ಷ ಬರೆದಿಡಿ. ಸ್ಕಾಲರ್‌ಶಿಪ್ ಪಡೆದು ಕೆಲಸಕ್ಕೆ ಸೇರಿದ ಹಳೇ ಮಕ್ಕಳನ್ನು ಅರ್ಜಿ ಓದುವುದಕ್ಕೆ ಕರೆಯಿರಿ, ದೇಣಿಗೆ ಆಮೇಲೆ ಕೇಳಿದರಾಯಿತು. ಸೈಬರ್ ಸೆಂಟರ್ ಪ್ರಬಂಧವನ್ನು ಅವರು ನಮಗಿಂತ ಬೇಗ ಹಿಡಿಯುತ್ತಾರೆ.