ಮೊದಲ ಚಳಿಗಾಲಕ್ಕೆ ಮುಂಚೆ: ಮನೆಯವರಿಗೂ ಶಾಲೆಯವರಿಗೂ ಬೇಕಾದ ಆಸರೆ

ನಮ್ಮ ಕರ್ನಾಟಕದಿಂದ ಈ ಚಳಿ ದೇಶಗಳಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಯಾವ ಜಾಕೆಟ್ ತಗೊಳ್ಳಬೇಕು ಅಂತ. ನೀರು, ಗಾಳಿ ಒಳಗೆ ಬರದಿದ್ದರೆ ಸಾಕು, ಯಾವುದಾದರೂ ಆಗುತ್ತದೆ. ಚಳಿಗೆ ಬಟ್ಟೆ ಇದೆ, ಹೀಟರ್ ಇದೆ. ಕತ್ತಲೆಗೆ ಏನು ಮಾಡುತ್ತೀರಿ ಅನ್ನುವುದನ್ನು ಈಗಲೇ ಯೋಚಿಸಿ.

ನಾವು ಬೆಳೆದ ಕಡೆ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಯಾದರೂ ಇದ್ದೇ ಇರುತ್ತದೆ. ಅದೇ ಹೊತ್ತಿಗೆ ಲಂಡನ್‌ನಲ್ಲಿ 8 ಗಂಟೆಗೂ ಕಡಿಮೆ. ನಾರ್ವೆಯ ಓಸ್ಲೋ, ಫಿನ್‌ಲೆಂಡಿನ ಹೆಲ್ಸಿಂಕಿಗಳಲ್ಲಿ 6 ಗಂಟೆಯೂ ಇಲ್ಲ. ಬೆಳಕು ಇಷ್ಟು ಕಡಿಮೆ ಆದಾಗ ಎಷ್ಟು ಮಲಗಿದರೂ ಸಾಲದು, ಸಿಹಿ ತಿನ್ನಬೇಕು ಅನ್ನಿಸುತ್ತಲೇ ಇರುತ್ತದೆ, ಫೋನ್ ಬಂದರೆ ಎತ್ತಲು ಮನಸ್ಸಿಲ್ಲ, ಮಕ್ಕಳ ಮೇಲೆ ಸುಮ್ನೆ ರೇಗುತ್ತೀರಿ. ಇದು ಸೋಮಾರಿತನ ಅಲ್ಲ. ಗಂಡ ಹೆಂಡತಿ ನಡುವೆ ಏನೋ ಕೆಟ್ಟಿದೆ ಅಂತಲೂ ಅಲ್ಲ. ಪ್ರತಿ ಚಳಿಗಾಲ ಹೀಗೇ ಬಂದು ಹೋಗುವ ಖಿನ್ನತೆಗೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ಟು 1984ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು. ರೋಸೆಂಥಾಲ್ ಕೂಡ ಬಿಸಿಲಿನ ನಾಡಿನವರೇ. ದಕ್ಷಿಣ ಆಫ್ರಿಕಾದಿಂದ ನ್ಯೂಯಾರ್ಕ್‌ಗೆ ಬಂದ ಮೇಲೆ ಚಳಿಗಾಲದಲ್ಲಿ ತಮ್ಮ ಶಕ್ತಿ ಇಳಿಯುವುದನ್ನು ಅವರು ಗಮನಿಸಿದ್ದರು. ಹಾಗಾಗಿ ನಿಮಗೆ ಹೀಗಾದರೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ.

ಮೊದಲ ಮದ್ದು ಬೆಳಕು. ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಅದಕ್ಕೇ ಬೆಳಗ್ಗೆಯೋ ಮಧ್ಯಾಹ್ನವೋ ಅರ್ಧ ಗಂಟೆ ಹೊರಗೆ ನಡೆಯಿರಿ. 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಲೈಟ್ ಬಾಕ್ಸ್, ಅಂದರೆ ಜೋರು ಬೆಳಕು ಕೊಡುವ ದೀಪದ ಪೆಟ್ಟಿಗೆ, ಸಿಗುತ್ತದೆ. ಎದ್ದ ಕೂಡಲೇ 20-30 ನಿಮಿಷ ಅದರ ಮುಂದೆ ಕೂರಬೇಕು, ನೇರವಾಗಿ ದಿಟ್ಟಿಸಬಾರದು. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ನಮ್ಮ ಮೈಬಣ್ಣಕ್ಕೆ ವಿಟಮಿನ್ ಡಿ ತಯಾರಾಗಲು ಬಿಸಿಲು ಜಾಸ್ತಿ ಬೇಕು. ಬ್ರಿಟನ್‌ನಲ್ಲಂತೂ ಶರತ್ಕಾಲ, ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಿ ಅಂತ ಎಲ್ಲರಿಗೂ ಸರ್ಕಾರವೇ ಹೇಳುತ್ತದೆ. ಅದು ಮೂಳೆಗೆ ಬೇಕು. ಮನಸ್ಸಿಗೆ ಅದೊಂದೇ ಸಾಕು ಅಂದುಕೊಳ್ಳಬೇಡಿ. ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸುವ ಕೆಲಸವನ್ನು ಚಳಿಗಾಲಕ್ಕೆ ಮುಂಚೆಯೇ ಮುಗಿಸಿಬಿಡಿ.

ಮನೆಯಲ್ಲಿ ಯಾರು ಹಗಲೆಲ್ಲ ಒಬ್ಬರೇ ಇರುತ್ತಾರೋ ಅವರ ಕಡೆ ಕಣ್ಣಿರಲಿ. ಕೆಲಸ ಮಾಡಲು ವೀಸಾ ಬಿಡದ ಹೆಂಡತಿ, ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಮ್ಮ, ಜಾರಿ ಬೀಳುವ ಭಯಕ್ಕೆ ಕಿಟಕಿಯ ಹತ್ತಿರವೇ ಕೂತಿರುವ ಅಪ್ಪ. ನಮ್ಮ ಕಡೆ ಮನೆ ಬಾಗಿಲು ತೆರೆದೇ ಇರುತ್ತಿತ್ತು, ಹೇಳದೆ ಕೇಳದೆ ಯಾರೋ ಬಂದು ಕೂರುತ್ತಿದ್ದರು, ಮುಖ ಬಾಡಿದ್ದರೆ ಅವರೇ ಮೊದಲು ಕೇಳುತ್ತಿದ್ದರು. ಇಲ್ಲಿ ಜನವರಿಯಲ್ಲಿ ವಾರಗಟ್ಟಲೆ ನಿಮ್ಮ ಮುಖವನ್ನು ಹೊರಗಿನವರು ಯಾರೂ ನೋಡದೆ ಇರಬಹುದು. ನಾವು ಕಳೆದುಕೊಂಡಿದ್ದರಲ್ಲಿ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಆ ಕೇಳುವ ಕೆಲಸವನ್ನು ಈಗ ನಾವೇ ಮಾಡಬೇಕು. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಒಬ್ಬರ ಮನೆಗೆ ಒಬ್ಬರು ಹೋಗಿ. ಅಡುಗೆ, ಅಲಂಕಾರ ಏನೂ ಬೇಡ, ಸುಮ್ನೆ ಹೋಗಿ ಕೂತು ಬನ್ನಿ.

ಮಕ್ಕಳ ವಿಷಯ ಬೇರೆ. ಅವರಿಗೆ ಈ ಹಿಮ, ಈ ಕತ್ತಲೆ, ಇದೇ ಬಾಲ್ಯ. ನಾವು ದಿನಾ ಬೆಳಗ್ಗೆ ಕಿಟಕಿ ನೋಡಿ "ಇದೆಂಥಾ ಊರಪ್ಪಾ" ಅಂದರೆ, ಅದು ಅವರ ಊರಿಗೆ ಬೈದ ಹಾಗೆ ಅಲ್ವಾ? ನಿಮ್ಮ ನೋವನ್ನು ಮುಚ್ಚಿಡಿ ಅಂತಲ್ಲ. "ಬೆಳಕು ಕಡಿಮೆ ಆದರೆ ಅಮ್ಮನಿಗೆ ಸುಸ್ತಾಗುತ್ತೆ, ನಡಿ ಹೊರಗೆ ಹೋಗಿ ಬರೋಣ" ಅಂತ ಹೇಳಿ. ಮಗುವಿಗೆ ಅರ್ಥ ಆಗುತ್ತದೆ, ತನ್ನಿಂದಲೇ ಅಮ್ಮ ಬೇಜಾರಾಗಿದ್ದಾಳೆ ಅಂತ ಅಂದುಕೊಳ್ಳುವುದೂ ತಪ್ಪುತ್ತದೆ. ಶಾಲೆಗೆ ಹೊರಡುವಾಗ ಮಾತ್ರ ಹೊಟ್ಟೆನೋವು, ಇದ್ದಕ್ಕಿದ್ದಂತೆ ಸಿಡುಕು, ಇಷ್ಟದ ಆಟವೂ ಬೇಡ ಅನ್ನುವುದು, ಇವು ಕಂಡರೆ ಟೀಚರಿಗೆ ಬರೆಯಿರಿ: "ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಕ್ಲಾಸಿನಲ್ಲಿ ಹೇಗಿದ್ದಾನೆ?" ಇಷ್ಟು ಸಾಕು. ಕೌನ್ಸೆಲರ್ ಹತ್ತಿರ ಕಳಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಅನ್ನುವ ಹೆದರಿಕೆ ನಮ್ಮವರಲ್ಲಿ ಬಹಳ. ದಯವಿಟ್ಟು ಅದನ್ನು ಬಿಡಿ.

ಇನ್ನು ಶಾಲೆಯವರು. ಇದನ್ನು ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. ಅವರೂ ಅದೇ ಕತ್ತಲೆಯಲ್ಲಿ ಮನೆ ಬಿಟ್ಟು ಕತ್ತಲೆಯಲ್ಲೇ ಮನೆ ಸೇರುತ್ತಾರೆ. ಜೊತೆಯವರು ಜ್ವರ ಬಂದು ಮಲಗಿದರೆ ಅವರ ಕ್ಲಾಸನ್ನೂ ಇವರೇ ನೋಡಬೇಕು. ಆಟದ ಬಿಡುವಿಗೆ ಮುಂಚೆ ಚಿಕ್ಕ ಮಕ್ಕಳ ಕ್ಲಾಸಿನ ಬಾಗಿಲ ಹತ್ತಿರ ಒಮ್ಮೆ ನಿಂತು ನೋಡಿ. ಒಂದು ಮಗು ಗ್ಲೌಸ್ ಮೊದಲೇ ಹಾಕಿಕೊಂಡು ಜಿಪ್ ಎಳೆಯಲಾಗದೆ ಅಳುತ್ತಿರುತ್ತದೆ. ಇನ್ನೊಂದು ಬೂಟು ಹಾಕಿಕೊಂಡ ಮೇಲೆ ಸ್ನೋ ಪ್ಯಾಂಟ್ ಏರಿಸಲು ನೋಡುತ್ತಿರುತ್ತದೆ. ಒಬ್ಬರೇ ಟೀಚರ್ ಮಂಡಿಯೂರಿ ಒಂದೊಂದೇ ಜಿಪ್ ಹಾಕುತ್ತಿರುತ್ತಾರೆ. ನೀವು ಮನೆಯಲ್ಲೇ ಅಭ್ಯಾಸ ಮಾಡಿಸಿ: ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಜಾಕೆಟ್, ಟೋಪಿ, ಎಲ್ಲಕ್ಕಿಂತ ಕೊನೆಗೆ ಗ್ಲೌಸ್. ಎಲ್ಲದರ ಮೇಲೂ ಹೆಸರು ಬರೆಯಿರಿ, ಚೀಲದಲ್ಲಿ ಇನ್ನೊಂದು ಜೊತೆ ಒಣ ಗ್ಲೌಸ್ ಇಡಿ. ಜ್ವರ ಇರುವ ಮಗುವಿಗೆ ಔಷಧಿ ಕುಡಿಸಿ ಕಳಿಸಬೇಡಿ. ರಜೆ ಸಿಗುವುದು ಕಷ್ಟ ಅಂತ ಗೊತ್ತು, ಆದರೂ ಬೇಡ. ಅಪ್ಪ ಅಮ್ಮಂದಿರಿಂದ ಟೀಚರಿಗೆ ದೂರು ಬೇಗ ಬರುತ್ತದೆ, ಒಳ್ಳೆ ಮಾತು ಬರುವುದು ಕಡಿಮೆ. ಫೆಬ್ರವರಿಯಲ್ಲಿ, ಹಬ್ಬದ ದೀಪಗಳೆಲ್ಲ ಇಳಿದ ಮೇಲೆ, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ ಹೆಸರಿಸಿ ಎರಡು ಸಾಲು ಬರೆಯಿರಿ, ಹೆಡ್‌ಟೀಚರಿಗೂ ಒಂದು ಪ್ರತಿ ಕಳಿಸಿ. ಬಸ್ ಡ್ರೈವರ್, ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನೂ ಮರೆಯಬೇಡಿ.

ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅಪ್ಪ ಅಮ್ಮನಿಗೆ ಭಾಷೆ ತೊಡಕಾದರೆ ಕನ್ನಡ ದುಭಾಷಿ ಸಿಗುತ್ತಾರಾ ಅಂತ ಮೊದಲೇ ಕೇಳಿ. ಸಾಯಬೇಕು ಅನ್ನುವ ಯೋಚನೆ ಬಂದರೆ ಕಾಯಬೇಡಿ, ಸಹಾಯವಾಣಿಗೆ ಫೋನ್ ಮಾಡಿ: ಅಮೆರಿಕ, ಕೆನಡಾದಲ್ಲಿ 988, ಬ್ರಿಟನ್, ಐರ್ಲೆಂಡ್‌ನಲ್ಲಿ 116 123. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಎತ್ತುತ್ತಾರೆ.

ನಮ್ಮವರಲ್ಲೇ ಎಷ್ಟೋ ಹೆಣ್ಣುಮಕ್ಕಳು ಶಾಲೆಗಳಲ್ಲಿ ಸಹಾಯಕಿಯರಾಗಿ, ಬದಲಿ ಟೀಚರ್ ಆಗಿ ಸೇರಿಕೊಂಡಿದ್ದಾರೆ. ದಿನವೆಲ್ಲ ಬೇರೆಯವರ ಮಕ್ಕಳನ್ನು ಸಮಾಧಾನ ಮಾಡಿ ಮನೆಗೆ ಬಂದರೆ ಮತ್ತೆ ಅದೇ ಕೆಲಸ. ನೀವು ಅವರಲ್ಲಿ ಒಬ್ಬರಾದರೆ, ಉದ್ಯೋಗಿಗಳಿಗೆ ಗುಟ್ಟಾಗಿ ಮಾತಾಡಲು ಕೌನ್ಸೆಲಿಂಗ್ ಇದೆಯಾ ಅಂತ ಆಫೀಸಿನಲ್ಲಿ ವಿಚಾರಿಸಿ. ಊಟದ ಬಿಡುವಿನಲ್ಲಿ ಜೊತೆಯವರೊಬ್ಬರನ್ನು ಕರೆದುಕೊಂಡು ಹತ್ತು ನಿಮಿಷ ಬೆಳಕಿಗೆ ಹೋಗಿ ಬನ್ನಿ. ನಿಮ್ಮ ಪಕ್ಕದ ಮನೆಯವರು ಅಂಥವರಾದರೆ, ವಾರಕ್ಕೊಂದು ಸಂಜೆ ಅವರ ಮಕ್ಕಳನ್ನು ನಿಮ್ಮ ಮನೆಗೆ ಕರೆದುಕೊಳ್ಳಿ, ಅವರು ಒಂದು ಗಂಟೆ ಮಲಗಲಿ.