ನಾಲ್ಕು ಇಂಚಿನ ಪಟ್ಟಿಯಲ್ಲಿ ಕೋಟು

ನೈಜೀರಿಯಾದ ಲೇಗೋಸಿನ ಒಂದು ಡಿಸೈನರ್ ವರ್ಕ್‌ಶಾಪಿನಲ್ಲಿ ನಾನು ಪ್ಯಾಟರ್ನ್ ಮಾಸ್ಟರ್, ಅಂದರೆ ಉಡುಪಿನ ಭಾಗಗಳನ್ನು ಅಳತೆಗೆ ಕಾಗದದ ಮೇಲೆ ಬರೆದು ಕತ್ತರಿಗೆ ಸಜ್ಜು ಮಾಡುವವನು. ಕೆಲಸ ಕಲಿತಿದ್ದು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ. ಅಲ್ಲಿ ಬಟ್ಟೆ ಅಂದರೆ 58 ಇಂಚು ಪನ್ನಾದ (ಅಗಲದ) ತಾನು. ಲೇಯರ್ ಹಾಸಿ, ಮೇಲೆ ಮಾರ್ಕರ್, ಅಂದರೆ ಭಾಗಗಳ ಗೆರೆ ಬರೆದ ಕಾಗದ ಇಟ್ಟು, ಒಟ್ಟಿಗೆ ಕತ್ತರಿಸುವುದು. ಇಲ್ಲಿ ನನ್ನ ಮೇಜಿಗೆ ಬರುವುದು ಅಸೋ ಓಕೆ, ಯೊರುಬಾ ಜನರ ಕೈಮಗ್ಗದ ಬಟ್ಟೆ. ಅಗಲ ಹೆಚ್ಚುಕಡಿಮೆ 4 ಇಂಚು ಅಷ್ಟೆ. ಇಷ್ಟು ಸಣ್ಣ ಪಟ್ಟಿಯಲ್ಲಿ ಮೈಗೆ ಕೂರುವ ಕೋಟು ಹೇಗೆ ಹೊಲಿಯುತ್ತೀಯ ಎಂದು ಊರಿನ ಟೈಲರ್ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಓಯೋ ರಾಜ್ಯದ ಇಸೇಯಿನ್ ಪಟ್ಟಣ ಈ ನೇಯ್ಗೆಗೆ ಹೆಸರಾದದ್ದು. ಹಾಸಿನ ನೂಲು (ಬಟ್ಟೆಯ ಉದ್ದದ ಎಳೆ) ನೇಕಾರನ ಮುಂದೆ ನೆಲದುದ್ದಕ್ಕೂ ದೂರ ಚಾಚಿಕೊಂಡಿರುತ್ತದೆ. ಅದರ ತುದಿಯನ್ನು ಕಲ್ಲು ಹೇರಿದ ಹಲಗೆಗೆ ಕಟ್ಟಿರುತ್ತಾರೆ. ನೇಯ್ದ ಬಟ್ಟೆಯನ್ನು ಸುತ್ತಿಕೊಂಡ ಹಾಗೆಲ್ಲ ಹಲಗೆ ಕಲ್ಲಿನ ಸಮೇತ ತೆವಳುತ್ತಾ ಅವನ ಕಡೆ ಬರುತ್ತದೆ. ನೂಲಿಗೆ ಬಿಗಿ ಕೊಡುವುದು ಆ ಕಲ್ಲಿನ ಭಾರವೇ. ಬಂದ ಪಟ್ಟಿ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಎರಡೂ ಕಡೆ ಗಟ್ಟಿ ಅಂಚು. ನನ್ನ ಕೆಲಸವೆಲ್ಲ ನಿಂತಿರುವುದು ಈ ಅಂಚಿನ ಮೇಲೆ.

ವಾಡಿಕೆಯಲ್ಲಿ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಗಂಡಸರ ದೊಗಳೆ ನಿಲುವಂಗಿ ಅಗ್ಬಾಡ, ಹೆಂಗಸರು ಸೊಂಟಕ್ಕೆ ಸುತ್ತುವ ಇರೋ, ತಲೆಗೆ ಕಟ್ಟುವ ಗೆಲೆ ಮಾಡುತ್ತಾರೆ. ಸುತ್ತುವ, ಇಳಿಬಿಡುವ ಉಡುಪುಗಳಾದ್ದರಿಂದ ಕತ್ತರಿಗೆ ಕೆಲಸ ಕಡಿಮೆ. ಇದನ್ನು ಇವತ್ತಿನ ಉಡುಪಿಗೆ ತಂದವರಲ್ಲಿ ನಾನು ಮೊದಲು ನೆನೆಯುವುದು ಶಾಡೆ ಥಾಮಸ್-ಫಾಮ್ ಅವರನ್ನು. ಲಂಡನ್ನಿನಲ್ಲಿ ಕಲಿತು ಬಂದು 1960ರಲ್ಲಿ ಲೇಗೋಸಿನಲ್ಲಿ ಅಂಗಡಿ ತೆರೆದರು. ಸುತ್ತುವ ಇರೋಗೆ ಜಿಪ್ ಹಾಕಿ ಸ್ಕರ್ಟ್ ಮಾಡಿದರು. ಕೆಲಸಕ್ಕೆ ಓಡುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಕಾಲದಲ್ಲಿ ಡಿಸೈನರ್ ಕೆನೆತ್ ಇಜೆ ಅಸೋ ಓಕೆಯ ಸೂಟುಗಳನ್ನು ಹಿಡಿದು 2019ರಲ್ಲಿ ಫ್ರಾನ್ಸಿನ ಐಷಾರಾಮಿ ಸರಕಿನ ಕಂಪನಿ ಎಲ್‌ವಿಎಂಎಚ್ ಹೊಸ ಡಿಸೈನರ್‌ಗಳಿಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ಹೋದರು, ಮರುವರ್ಷ ಪ್ಯಾರಿಸ್ಸಿನಲ್ಲಿ ಶೋ ಮಾಡಿದರು.

ಕೂಡಿಸಿದ ಬಟ್ಟೆಯ ಮೇಲೆ ಪ್ಯಾಟರ್ನ್ ಇಟ್ಟು ಎಲ್ಲೆಂದರಲ್ಲಿ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಜಾಯಿಂಟ್‌ಗಳು ಅಡ್ಡಾದಿಡ್ಡಿ ಬೀಳುತ್ತವೆ, ಎಡ ಬಲ ಹೊಂದುವುದಿಲ್ಲ, ಕತ್ತರಿಸಿದ ಕಡೆಯೆಲ್ಲ ಎಳೆ ಬಿಡುತ್ತದೆ. ನಾನು ಪ್ಯಾಟರ್ನನ್ನೇ ಪಟ್ಟಿಗೆ ಹೊಂದಿಸುತ್ತೇನೆ. ಎರಡೂ ಅಂಚಿನಲ್ಲಿ ತಲಾ ಅರೆಪಾವು (1/8) ಇಂಚು ಮಾರ್ಜಿನ್ ಹೋದರೆ ಒಂದು ಪಟ್ಟಿ ಹೊರಗೆ ಕಾಣುವುದು ಮೂರೂ ಮುಕ್ಕಾಲು, ಅಂದರೆ 3.75 ಇಂಚು. 11 ಪಟ್ಟಿ ಕೂಡಿಸಿದರೆ ಎದೆಗೆ 41 ಇಂಚಿನ ಮೇಲೆ ಸಿಗುತ್ತದೆ. ಒಂದು ಪಟ್ಟಿ ಬೆನ್ನಿನ ನಟ್ಟನಡುವೆ, ಉಳಿದವು ಆಚೆ ಐದು, ಈಚೆ ಐದು. ನಡುವೆ 10 ಜಾಯಿಂಟ್. ಸೊಂಟದ ಹತ್ತಿರ ಬಂದಾಗ ಪ್ರತಿ ಜಾಯಿಂಟ್‌ನಲ್ಲಿ ಹೊಲಿಗೆಯನ್ನು ನಿಧಾನಕ್ಕೆ ಒಳಗೆ ಸರಿಸಿ ಅರ್ಧ ಇಂಚು ಹೆಚ್ಚಿಗೆ ಹಿಡಿಯುತ್ತೇನೆ, ಹಿಪ್ಪಿಗೆ ಇಳಿಯುವಾಗ ಬಿಡುತ್ತೇನೆ. ಒಟ್ಟು 5 ಇಂಚು ಒಳಗೆ ಹೋಯಿತು. ಬಟ್ಟೆ ಮಡಿಸಿ ಹಿಡಿಯುವ ಡಾರ್ಟ್ ಬೇಡ, ಮೈಯ ತಿರುವಿಗೆ ತಕ್ಕಂತೆ ಉದ್ದಕ್ಕೆ ಕತ್ತರಿಸಿ ಕೂಡಿಸುವ ಪ್ರಿನ್ಸೆಸ್ ಕಟ್ ಬೇಡ, ಕತ್ತರಿಯೂ ಬೇಡ. ಗೆರೆಗಳು ಸೊಂಟದಲ್ಲಿ ಒತ್ತೊತ್ತಾಗಿ ಕೆಳಗೆ ಬಿಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ.

ಕಂಕುಳು, ಕುತ್ತಿಗೆಯಲ್ಲಿ ಮಾತ್ರ ಕತ್ತರಿ ಆಡಿಸಲೇಬೇಕು. ಮೊದಲು ಚಾಕಿನಲ್ಲಿ ಗುರುತು ಹಾಕಿ, ಒಳಗಡೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ, ಗುರುತಿನ ಒಳಮಗ್ಗುಲಿಗೆ ಎರಡು ಸಾಲು ಹೊಲಿಗೆ ಹಾಕಿ, ಆಮೇಲೆ ಕತ್ತರಿಸುತ್ತೇನೆ. ಇತ್ತೀಚಿನ ಪಟ್ಟಿಗಳಲ್ಲಿ ಲ್ಯೂರೆಕ್ಸ್ ಮಿಂಚುನೂಲು ಇದ್ದರೆ ಇಸ್ತ್ರಿಯ ಬಿಸಿ ಇಳಿಸಿ, ಮೇಲೆ ಹತ್ತಿ ಬಟ್ಟೆ ಹಾಸಬೇಕು. ಇಲ್ಲದಿದ್ದರೆ ಅದು ಸುಕ್ಕುಗಟ್ಟಿ ಬಟ್ಟೆಯನ್ನೇ ಎಳೆದುಬಿಡುತ್ತದೆ.

ಕತ್ತರಿಯ ಬಗ್ಗೆ ಈ ಹಿಂಜರಿಕೆ ನನ್ನೊಬ್ಬನದಲ್ಲ. ಮಾಲಿ ದೇಶದ ಕ್ರಿಸ್ ಸೇಯ್ದು (1949–1994) ಬೊಗೊಲಾನ್ ಎಂಬ ಮಣ್ಣುಬಣ್ಣದ ಬಟ್ಟೆಯನ್ನು ಮಿನಿಸ್ಕರ್ಟು, ಕೋಟುಗಳಿಗೆ ತಂದವರು. ಕೈಯಲ್ಲಿ ಬರೆದ ಆ ಚಿತ್ತಾರಕ್ಕೆ ಕತ್ತರಿ ಹಾಕಲು ಅವರಿಗೂ ಮನಸ್ಸು ಬರುತ್ತಿರಲಿಲ್ಲ. ಆಮೇಲೆ ಹೊಲಿಗೆಗೆ ಒಗ್ಗುವ, ಒಂದೇ ಚಿತ್ತಾರ ಮತ್ತೆ ಮತ್ತೆ ಬರುವ ಬಟ್ಟೆ ಮಾಡಿಸಿಕೊಂಡರು.

ನಾನೂ ಈಗ ಮಗ್ಗದಿಂದಲೇ ಶುರುಮಾಡುತ್ತೇನೆ. ಕೋಟಿನ ಒಂದೊಂದು ಪಟ್ಟಿಯನ್ನೂ ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಬರೆದು, ನಂಬರ್ ಹಾಕಿ, ನೇಕಾರರ ಕೈಗೆ ಕೊಡುತ್ತೇನೆ. ನಮಗೆ ನೇಯ್ದುಕೊಡುವ ಹಿರಿಯರು ಮೊದಲು ಕೇಳಿದ್ದು, "ಸೊಂಟ ಎಲ್ಲಿ ಬರುತ್ತದೆ, ತೋರಿಸು." ತೋರಿಸಿದೆ. "ಹಾಗಾದರೆ ಅಲ್ಲಿ ಅಂಚಿನ ಪಕ್ಕ ಬುಟ್ಟಾ ಎತ್ತುವುದಿಲ್ಲ ಬಿಡು, ನಿನ್ನ ಹೊಲಿಗೆ ಅದನ್ನು ನುಂಗುತ್ತದೆ" ಎಂದರು. ಬುಟ್ಟಾವನ್ನು ಎದೆಗೂ ಕೆಳಗಿನ ಘೇರಿಗೂ ಸರಿಸಿದರು. ಸೊಂಟ ಬರುವ ಜಾಗಕ್ಕೆ ಅಂಚಿನಲ್ಲಿ ಒಂದು ಬಣ್ಣದ ಎಳೆ ಗಂಟು ಹಾಕಿ ಕೊಟ್ಟರು. ಹನ್ನೊಂದೂ ಪಟ್ಟಿಯ ಗಂಟುಗಳನ್ನು ಒಂದೇ ಸಾಲಿಗೆ ತಂದು ಪಿನ್ ಹಾಕಿದರೆ ಕೋಟಿನ ಅರ್ಧ ಕೆಲಸ ಮುಗಿದಂತೆ.

ಆರ್ಡರ್ ಜೊತೆಗೇ ನೂಲಿನ ದುಡ್ಡು ಮುಂಗಡ ಕೊಡುವುದು ನಮ್ಮ ವರ್ಕ್‌ಶಾಪಿನ ಪದ್ಧತಿ. ಅಸೋ ಓಕೆಯ ಗೆರೆಯನ್ನು ಮಿಲ್ ಬಟ್ಟೆಯ ಮೇಲೆ ಪ್ರಿಂಟ್ ಹೊಡೆದು ತಂದು, ಇದೇ ಕೋಟು ಅಗ್ಗಕ್ಕೆ ಮಾಡಿಕೊಡಿ ಎಂದು ಕೇಳುವವರು ಬರುತ್ತಾರೆ. ಅಂಥ ಕೆಲಸ ನಾವು ಹಿಡಿಯುವುದಿಲ್ಲ. ಆ ಬಟ್ಟೆಯಲ್ಲಿ ಜಾಯಿಂಟೇ ಇಲ್ಲ. ಜಾಯಿಂಟ್ ಇಲ್ಲದೆ ಈ ಕೋಟಿಗೆ ಸೊಂಟವೂ ಬರುವುದಿಲ್ಲ.